ಕೊನೆಯ ಅಕ್ಷರ ಮಾತ್ರ ಹೇಳು

ಬಲಗಣ್ಣಿನ ಪೊರೆ ತೆಗೆಸಿಕೊಂಡು ಮನೆಗೆ ಬಂದ ಮರುದಿನ ಬೆಳಗ್ಗೆ ಆರೂವರೆಗೆ ನಮ್ಮ ಅತ್ತೆಯವರು ಕಾಫಿಗಿಂತ ಮೊದಲು ಕೇಳಿದ್ದು ಪತ್ರಿಕೆಯನ್ನು. ಕಣ್ಣಿಗೆ ಕಪ್ಪು ಕನ್ನಡಕವಿತ್ತು. ಪಕ್ಕದ ಸ್ಟೂಲಿನ ಮೇಲೆ ಎರಡು ಮೂರು ಬಗೆಯ ಹನಿ ಔಷಧಿಗಳೂ, ಯಾವುದನ್ನು ಎಷ್ಟು ಗಂಟೆಗೆ ಹಾಕಬೇಕೆಂದು ನಾನು ದಪ್ಪಕ್ಷರದಲ್ಲಿ ಬರೆದಿಟ್ಟ ಚೀಟಿಯೂ ಇದ್ದವು. ಎಡಗಣ್ಣಿನ ಪೊರೆ ಇನ್ನೂ ಹಾಗೆಯೇ ಇತ್ತು. ಆ ಕಣ್ಣಿಗೆ ಅಕ್ಷರಗಳು ಸಾಗರದ ಮಳೆಗಾಲದ ಬೆಳಗಿನಲ್ಲಿ ಕಾಣುವ ಅಡಿಕೆ ಮರಗಳಂತೆ, ಇವೆ ಎಂದು ಗೊತ್ತಾಗುತ್ತದೆಯೇ ಹೊರತು ಯಾವುದು ಯಾವುದೆಂದು ಹೇಳಲಾಗುವುದಿಲ್ಲ ಎಂದು ಅವರು ಹಿಂದೆಯೇ ಹೇಳಿದ್ದರು. ಹೊಸ ಕನ್ನಡಕಕ್ಕೆ ಒಂದು ತಿಂಗಳಾದರೂ ಕಾಯಬೇಕು ಎಂದಿದ್ದರು ವೈದ್ಯರು. ಟಿ.ವಿ. ಇಲ್ಲದೆ, ಹೊಲಿಗೆ ಇಲ್ಲದೆ ಆ ತಿಂಗಳನ್ನು ಕಳೆಯಲು ಅತ್ತೆ ಸಿದ್ಧರಿದ್ದರು. ಪದಬಂಧವಿಲ್ಲದೆ ಕಳೆಯಲು ಸಿದ್ಧರಿರಲಿಲ್ಲ.

“ನೀನು ಓದ್ತಾ ಹೋಗಮ್ಮ, ನಾನು ಹೇಳ್ತೀನಿ, ನೀನೇ ತುಂಬು” ಎಂದರು. ಇದೇನು ಮಹಾ ಕೆಲಸ ಎಂದುಕೊಂಡು ಪೆನ್ಸಿಲ್ ಹಿಡಿದು ಕೂತೆ. ಇಪ್ಪತ್ತು ನಿಮಿಷಗಳಾದ ಮೇಲೆ ಇಬ್ಬರೂ ಒಬ್ಬರ ಮೇಲೊಬ್ಬರು ರೇಗುವ ಹಂತಕ್ಕೆ ಬಂದಿದ್ದೆವು.

ತಪ್ಪು ನನ್ನದೇ ಆಗಿತ್ತು. ಎಡದಿಂದ ಬಲಕ್ಕೆ ಇರುವ ಸುಳಿವುಗಳನ್ನೆಲ್ಲ ಒಂದರ ಹಿಂದೊಂದು ಓದಿ, ಆಮೇಲೆ ಮೇಲಿನಿಂದ ಕೆಳಕ್ಕೆ ಇರುವವುಗಳನ್ನು ಓದಿದ್ದೆ. ಪರೀಕ್ಷೆಯ ಪ್ರಶ್ನೆಪತ್ರಿಕೆಯಾಗಿದ್ದರೆ ಅದು ಸರಿ. ಆದರೆ ಪದಬಂಧದಲ್ಲಿ ಪ್ರಶ್ನೆಗಳಷ್ಟೇ ಇರುವುದಿಲ್ಲ. ಯಾವ ಪ್ರಶ್ನೆ ಯಾವುದರ ಹೆಗಲ ಮೇಲೆ ಕೈಯಿಟ್ಟು ನಿಂತಿದೆ ಎಂಬುದೂ ಪ್ರಶ್ನೆಯ ಭಾಗವೇ. ಕಣ್ಣಿದ್ದವರಿಗೆ ಅದು ಒಂದು ನೋಟದಲ್ಲಿ ಸಿಗುತ್ತದೆ, ಕೇಳುವವರಿಗೆ ಸಿಗುವುದಿಲ್ಲ. “ಮೊದಲು ಮನೆ ತೋರಿಸು” ಎಂದರು ಅತ್ತೆ. ಚೌಕಾಬಾರ ಆಡಿ ಬೆಳೆದವರಾದ್ದರಿಂದ ಅವರಿಗೆ ಪದಬಂಧದ ಚೌಕಗಳೂ ಮನೆಗಳೇ. ಹಾಗಾಗಿ ಎರಡನೆಯ ದಿನದಿಂದ ನನ್ನ ಓದು ಬದಲಾಯಿತು: “5, ಎಡದಿಂದ ಬಲಕ್ಕೆ, ಮೂರಕ್ಷರ. ಮೊದಲನೆಯ ಮನೆಯಿಂದ 5 ಕೆಳಗಿಳಿಯುತ್ತದೆ, ಮೂರನೆಯ ಮನೆಯಿಂದ 6 ಕೆಳಗಿಳಿಯುತ್ತದೆ, ನಡುವಿನದು ಖಾಲಿ.” ಇಷ್ಟು ಹೇಳಿದರೆ ಅವರು ಕಣ್ಣು ಮುಚ್ಚಿಕೊಂಡು, ಬೆರಳಿನಿಂದ ಸೀರೆಯ ನೆರಿಗೆಯ ಮೇಲೆ ಗೆರೆ ಎಳೆದುಕೊಂಡು, ಸುಳಿವು ಏನೆಂದು ಕೇಳುತ್ತಿದ್ದರು. ಅವಧಾನದಲ್ಲಿ ಪ್ರಶ್ನೆ ಕೇಳುವ ಪೃಚ್ಛಕರು ಅಕ್ಷರಗಳನ್ನು ಕ್ರಮಗೆಡಿಸಿ ಒಂದೊಂದಾಗಿ ಒಗೆಯುವುದನ್ನೂ, ಅವಧಾನಿ ಅವನ್ನೆಲ್ಲ ಮನಸ್ಸಿನಲ್ಲೇ ಜೋಡಿಸಿಕೊಂಡು ಕೊನೆಗೆ ಒಪ್ಪಿಸುವುದನ್ನೂ ನೋಡಿದ್ದೇನೆ. ಅಷ್ಟು ದೊಡ್ಡ ಮಾತು ಬೇಡವಾದರೂ, ಎಪ್ಪತ್ತೆಂಟು ವರ್ಷದ ಹೆಂಗಸೊಬ್ಬರು ಇಪ್ಪತ್ತೈದು ಪದಗಳ ಹಂದರವನ್ನು ತಲೆಯಲ್ಲಿ ಹೊತ್ತುಕೊಂಡು, “9ರ ಎರಡನೇ ಮನೇಲಿ ‘ರ’ ಬರೆದಿದ್ದೀಯಲ್ಲ, ಅದು ತಪ್ಪಿರಬೇಕು ನೋಡು” ಎನ್ನುವಾಗ ನನಗೆ ನೆನಪಾದದ್ದು ಅದೇ.

ಆ 5ನೇ ಸುಳಿವನ್ನು ಪೂರ್ತಿಯಾಗಿ ಹೇಳುತ್ತೇನೆ, ಏಕೆಂದರೆ ಸಹಾಯ ಎಂದರೇನೆಂದು ನನಗೆ ತಿಳಿದದ್ದು ಅಲ್ಲಿ. ಸುಳಿವು ‘ಮೋಡ (3)’. ನಾನು ತಟ್ಟನೆ ‘ಮುಗಿಲು’ ಎಂದು ಬರೆಯಹೊರಟೆ. “ತಡಿ, 6 ಏನಿದೆ?” ಎಂದರು. “ಕರುಣೆ, ಎರಡಕ್ಷರ.” “ದಯೆ ಇರಬಹುದು, ಕೃಪೆಯೂ ಇರಬಹುದು. ಮೋಡ ‘ಕೃ’ ಅಂತ ಮುಗಿಯೋದು ಎಲ್ಲಾದರೂ ಉಂಟೇನು? ಹಾಗಾದರೆ ದಯೆ.” ಅಲ್ಲಿಗೆ ಮೋಡದ ಕೊನೆಯ ಅಕ್ಷರ ‘ದ’ ಎಂದಾಯಿತು, ನನ್ನ ಮುಗಿಲೂ, ಅವರ ಮನಸ್ಸಿನಲ್ಲಿದ್ದ ಜೀಮೂತವೂ ಬಿದ್ದುಹೋದವು. ಆದರೂ ಜಲದ, ವಾರಿದ, ಅಂಬುದ, ಪಯೋದ, ನೀರದ ಎಂದು ಐದು ಮೋಡಗಳು ಸಾಲಾಗಿ ನಿಂತಿದ್ದವು. 5ರಿಂದ ಕೆಳಗಿಳಿಯುವ ಸುಳಿವು ‘ಬಾನಿನ ಬಣ್ಣ (2)’. ನೀಲಿ. ಐದರಲ್ಲಿ ನಾಲ್ಕು ಚದುರಿ ‘ನೀರದ’ ಉಳಿಯಿತು. ನಾನು ಒಂದು ಉತ್ತರ ಹೇಳಿದ್ದೆ, ಅವರು ಎರಡು ಅಕ್ಷರ ಕೇಳಿದ್ದರು.

ಒಂದು ಅಕ್ಷರ ಕೊಟ್ಟರೆ ಎಷ್ಟು ಕೊಟ್ಟಂತೆ ಎಂಬುದು ಭಾಷೆಯಿಂದ ಭಾಷೆಗೆ ಬೇರೆ. ಇಂಗ್ಲಿಷಿನಲ್ಲಿ ಒಂದು ಚೌಕದಲ್ಲಿ ಬರಬಹುದಾದವು 26. ನಮ್ಮಲ್ಲಿ 34 ವ್ಯಂಜನಗಳಿಗೆ 13 ಸ್ವರಗಳ ಕಾಗುಣಿತ ಹಾಕಿದರೆ ಅದೇ 442 ಆಗುತ್ತದೆ. ಒತ್ತಕ್ಷರಗಳನ್ನೂ ಸೊನ್ನೆಯನ್ನೂ ಲೆಕ್ಕ ಹಿಡಿಯಹೊರಟರೆ ಸಾವಿರ ದಾಟಿ ಹೋಗುತ್ತದೆ. ‘ಧರ್ಮ’ ಎರಡು ಮನೆ. ‘ಸ್ವಾತಂತ್ರ್ಯ’ ಎಂಬ ಅಷ್ಟುದ್ದದ ಪದಕ್ಕೆ ಮೂರೇ ಮನೆ, ಕೊನೆಯ ಮನೆಯಲ್ಲಿ ಮೂರು ವ್ಯಂಜನಗಳು ಒಂದರ ಕೆಳಗೊಂದು ಒತ್ತರಿಸಿಕೊಂಡು ಕೂರಬೇಕು. ‘ನಿ’ ಇರುವ ಮನೆಯಲ್ಲಿ ‘ನೀ’ ಕೂರುವಂತಿಲ್ಲ. ಹೀಗಾಗಿ ಕನ್ನಡ ಪದಬಂಧವನ್ನು ಕಟ್ಟುವವರಿಗೆ ಎರಡು ಪದಗಳನ್ನು ಅಡ್ಡಹಾಯಿಸುವುದು ಬಹಳ ಕಷ್ಟ. ಆದರೆ ಬಿಡಿಸುವವರಿಗೆ, ಹಾಗೆ ಅಡ್ಡಹಾಯ್ದ ಜಾಗದಲ್ಲಿ ಸಿಗುವ ಒಂದೇ ಒಂದು ಅಕ್ಷರ ಮುಕ್ಕಾಲು ಉತ್ತರ ಇದ್ದಂತೆ. ‘ಧೇ’ ಎಂಬ ಅಕ್ಷರ ನಡುವೆ ಇರುವ ಮೂರಕ್ಷರದ ಪದಗಳು ಎಷ್ಟಿದ್ದಾವು?

ಈ ಲೆಕ್ಕವನ್ನು ಅತ್ತೆ ಎಂದೂ ಹಾಕಿದವರಲ್ಲ. ಆದರೆ ಅದರ ಫಲ ಅವರಿಗೆ ಗೊತ್ತಿತ್ತು. ಅವರು ನನಗೆ ಹಾಕಿದ ಮೊದಲ ಕಟ್ಟಳೆಯೇ ಅದು: ಉತ್ತರ ಹೇಳಕೂಡದು, ಅಕ್ಷರ ಹೇಳಬೇಕು, ಅದೂ ಮೊದಲನೆಯದಲ್ಲ, ಕೊನೆಯದು. ಕಾರಣ ಕೇಳಿದ್ದಕ್ಕೆ, “ಮೊದಲಕ್ಷರ ಹೇಳಿದರೆ ಪದ ತಾನಾಗಿ ಬಾಯಿಗೆ ಬಂದುಬಿಡುತ್ತೆ, ನಾನೇನು ಮಾಡಿದ ಹಾಗಾಯ್ತು?” ಎಂದರು. ಅದು ಹೌದು. ನಮ್ಮ ನೆನಪಿನಲ್ಲಿ ಪದಗಳು ತಲೆಯ ಕಡೆಯಿಂದ ಜೋಡಿಸಿದಂತಿರುತ್ತವೆ. ಬಾಲ ಹಿಡಿದು ಎಳೆದರೆ ಸುಲಭಕ್ಕೆ ಬರುವುದಿಲ್ಲ, ಸ್ವಲ್ಪ ಹುಡುಕಿಸುತ್ತವೆ.

ಕೊನೆಯ ಅಕ್ಷರಕ್ಕೆ ಇನ್ನೊಂದು ಗುಣವೂ ಇದೆ. ಸಂಸ್ಕೃತದಿಂದ ಬಂದ ಸಮಾಸಪದಗಳಲ್ಲಿ ಅರ್ಥ ಅಡಗಿರುವುದೇ ಅಲ್ಲಿ. ನೀರಿಗೆ ಜಲ, ವಾರಿ, ಅಂಬು, ನೀರ, ಪಯಸ್ಸು ಎಂದು ಎಷ್ಟು ಹೆಸರುಗಳಿವೆಯೋ ಅಷ್ಟೂ ಹೆಸರುಗಳ ಹಿಂದೆ ‘ಜ’ ಬಂದರೆ ನೀರಿನಲ್ಲಿ ಹುಟ್ಟಿದ ತಾವರೆ, ‘ದ’ ಬಂದರೆ ನೀರು ಕೊಡುವ ಮೋಡ, ‘ಧಿ’ ಬಂದರೆ ನೀರನ್ನು ಇಟ್ಟುಕೊಂಡಿರುವ ಕಡಲು. ವಾರಿಜ, ವಾರಿದ, ವಾರಿಧಿ. ಅಂಬುಜ, ಅಂಬುದ, ಅಂಬುಧಿ. ಪಯೋಜ, ಪಯೋದ, ಪಯೋಧಿ. ಪದಬಂಧ ಬಿಡಿಸುವವರ ಪಾಲಿಗೆ ಇದು ಮಗ್ಗಿಯಿದ್ದ ಹಾಗೆ. ತಾವರೆ, ಮೋಡ, ಕಡಲು ಈ ಮೂರರಲ್ಲಿ ಒಂದಾದರೂ ಇಲ್ಲದ ವಾರ ನಮ್ಮ ಪತ್ರಿಕೆಯಲ್ಲಿ ಕಳೆದದ್ದನ್ನು ನಾನು ಕಾಣೆ. ನಾನು ಶಾಲೆಯಲ್ಲಿ ಸಂಸ್ಕೃತ ಓದಿದವಳು, ಅಂಕಗಳೂ ಚೆನ್ನಾಗಿಯೇ ಬಂದಿದ್ದವು. ಆದರೆ ಈ ಮಗ್ಗಿ ನನಗೆ ಕಂಡದ್ದು ನಲವತ್ತಾರನೆಯ ವಯಸ್ಸಿನಲ್ಲಿ, ಸೋಫಾದ ಮೂಲೆಯಲ್ಲಿ ಕೂತು ಇನ್ನೊಬ್ಬರ ಪದಬಂಧ ತುಂಬುವಾಗ.

ಎಂಟನೆಯ ದಿನವೋ ಒಂಬತ್ತನೆಯ ದಿನವೋ ನಾನು ಕಟ್ಟಳೆ ಮುರಿದೆ. ಆಫೀಸಿನ ಕರೆ ಬರುವುದರಲ್ಲಿತ್ತು. ‘ಆನೆ (4)’ ಎಂಬ ಒಂದು ಸುಳಿವು ಮಾತ್ರ ಉಳಿದಿತ್ತು. ಅತ್ತೆ ಕಣ್ಣು ಮುಚ್ಚಿಕೊಂಡು ಕರಿ, ದಂತಿ, ಕುಂಜರ, ವಾರಣ ಎಂದು ಗುನುಗುತ್ತ, “ಇದಲ್ಲ, ಇದಲ್ಲ, ಇನ್ನೊಂದಿದೆ” ಎನ್ನುತ್ತಿದ್ದರು. ನಾನು ಮೊಬೈಲಿನಲ್ಲಿ ಹುಡುಕಿ, ಮನೆಗಳಿಗೆ ಹೊಂದುವುದನ್ನು ನೋಡಿಕೊಂಡು, “ಅನೇಕಪ ಅತ್ತೆ” ಎಂದುಬಿಟ್ಟೆ. ಬರೆದೂ ಆಯಿತು. ಅವರು ಏನೂ ಹೇಳಲಿಲ್ಲ. ಕಪ್ಪು ಕನ್ನಡಕ ಸರಿಮಾಡಿಕೊಂಡು ಎದ್ದು ಹಿತ್ತಲಿಗೆ ಹೋದರು. ಮಧ್ಯಾಹ್ನ ಊಟಕ್ಕೆ ಕೂತಾಗ, ಸಾರಿಗೆ ಉಪ್ಪು ಕಡಿಮೆ ಎನ್ನುವ ಧ್ವನಿಯಲ್ಲಿ, “ಅದು ನಾಲಿಗೆಯ ತುದೀಲಿತ್ತು” ಎಂದರು.

ಅದು ಬರಿಯ ಹಟವಲ್ಲ ಎಂದು ಆಮೇಲೆ ತಿಳಿಯಿತು. ಅವರ ತಂದೆ ಸಾಗರದ ಕಡೆಯ ಹಳ್ಳಿಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಮಕ್ಕಳನ್ನು ಜಗಲಿಯ ಮೇಲೆ ಕೂರಿಸಿ ಅಮರಕೋಶ ಹೇಳಿಸುತ್ತಿದ್ದರಂತೆ. ಹುಡುಗರಿಗೆ ಹೇಳಿಕೊಡುವಾಗ ಹುಡುಗಿಯ ಕಿವಿಗೂ ಬಿತ್ತು. ಆನೆಯ ಹೆಸರುಗಳು ಬರುವ ಶ್ಲೋಕವನ್ನು ಅವರು ಆರೇಳು ವರ್ಷದವರಿದ್ದಾಗ ಕಲಿತಿದ್ದರು. ‘ಅನೇಕಪ’ ಎಂದರೆ ಒಂದಕ್ಕಿಂತ ಹೆಚ್ಚು ಸಲ ಕುಡಿಯುವುದು, ಸೊಂಡಿಲಿನಿಂದ ಒಮ್ಮೆ, ಬಾಯಿಂದ ಒಮ್ಮೆ, ಎಂದು ತಂದೆ ಹೇಳಿದಾಗ ಮಕ್ಕಳೆಲ್ಲ ನಕ್ಕಿದ್ದರು. ಆ ಜಗಲಿಯ ತನಕ ಅವರು ನಡೆದು ಹೋಗುತ್ತಿದ್ದರು, ಇನ್ನೇನು ಮೆಟ್ಟಿಲು ಹತ್ತಬೇಕು, ಅಷ್ಟರಲ್ಲಿ ನಾನು ಮೊಬೈಲು ಹಿಡಿದು ಎದುರಿಗೆ ಬಂದಿದ್ದೆ. ನಾಲ್ಕಕ್ಷರದ ಆನೆಗಳಲ್ಲಿ ದಂತಾವಳ, ಮತಂಗಜ, ಸ್ತಂಬೇರಮ, ಅನೇಕಪ ಇವು ನಾಲ್ಕೂ ನಾಲ್ಕು ಬೇರೆ ಅಕ್ಷರಗಳಲ್ಲಿ ಮುಗಿಯುತ್ತವೆ. ‘ಪ’ ಎಂದಷ್ಟೇ ಹೇಳಿದ್ದರೆ ಸಾಕಾಗಿತ್ತು.

ಅಮರಕೋಶದ ಮಾತು ಬಂದಿತಾದ್ದರಿಂದ ಒಂದು ವಿಷಯ ಹೇಳಬೇಕು. ಪದಬಂಧಕ್ಕೆ ನಿಘಂಟು ನೆರವಾಗುತ್ತದೆ ಎಂದು ಎಲ್ಲರೂ ತಿಳಿಯುತ್ತಾರೆ, ನಾನೂ ತಿಳಿದಿದ್ದೆ. ಕಿಟೆಲ್ ಅವರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು, ಅದರಲ್ಲಿ ಎಪ್ಪತ್ತು ಸಾವಿರದಷ್ಟು ಪದಗಳಿವೆ. ಸಾಹಿತ್ಯ ಪರಿಷತ್ತಿನ ನಿಘಂಟು 8 ಸಂಪುಟಗಳಷ್ಟಿದೆ. ಆದರೆ ನಿಘಂಟಿನ ಬಾಗಿಲು ಇರುವುದು ಪದದ ಕಡೆಗೆ. ಪದ ಗೊತ್ತಿದ್ದವರು ಒಳಗೆ ಹೋಗಿ ಅರ್ಥ ತಿಳಿದುಕೊಳ್ಳಬಹುದು. ಪದಬಂಧ ಬಿಡಿಸುವವರ ಕೈಯಲ್ಲಿರುವುದು ಅರ್ಥ, ಬೇಕಾಗಿರುವುದು ಪದ. ಅವರಿಗೆ ಆ ಬಾಗಿಲು ಗೋಡೆಯೇ. ‘ದ’ದಲ್ಲಿ ಮುಗಿಯುವ ಮೂರಕ್ಷರದ ಮೋಡ ಬೇಕೆಂದು ಎಂಟು ಸಂಪುಟಗಳನ್ನು ಎದುರಿಗೆ ಹರಡಿಕೊಂಡರೂ ಎಲ್ಲಿ ತೆರೆಯುವುದು? ಅಮರಸಿಂಹನ ಕೋಶ ಹಾಗಲ್ಲ. ಅದು ಅರ್ಥದಿಂದ ಪದಕ್ಕೆ ಹೋಗುತ್ತದೆ. ದೇವತೆ ಎಂದರೆ ಅಮರ, ನಿರ್ಜರ, ತ್ರಿದಶ, ವಿಬುಧ ಎಂದು ಒಂದೇ ಉಸಿರಿನಲ್ಲಿ ಬರುತ್ತವೆ. ನಾಲ್ಕೂ ಮೂರಕ್ಷರದವು, ನಾಲ್ಕೂ ಬೇರೆ ಬೇರೆ ಅಕ್ಷರದಿಂದ ಶುರುವಾಗುವವು. ಸ್ವರ್ಗ, ದಿಕ್ಕು, ಕಾಲ, ಭೂಮಿ, ಊರು, ಬೆಟ್ಟ, ಗಿಡಮೂಲಿಕೆ, ಪ್ರಾಣಿ ಎಂದು ವರ್ಗ ವರ್ಗವಾಗಿ ಜೋಡಿಸಿದ್ದಾರೆ. ನಮ್ಮ ನಾಗವರ್ಮ ಕನ್ನಡಿಗರಿಗಾಗಿ ಅಭಿಧಾನ ವಸ್ತುಕೋಶವನ್ನು ಪದ್ಯದಲ್ಲಿ ಬರೆದದ್ದೂ ಇದೇ ದಾರಿಯಲ್ಲಿ. ಕವಿಗಳಿಗೆ ಛಂದಸ್ಸಿನ ಗಣಕ್ಕೆ ಹೊಂದುವ ಪದ ಬೇಕಿತ್ತು, ನಮಗೆ ಮನೆಗಳ ಲೆಕ್ಕಕ್ಕೆ ಹೊಂದುವ ಪದ ಬೇಕು. ಅಗತ್ಯ ಒಂದೇ.

ಇಷ್ಟೆಲ್ಲ ಹೇಳಿದ ಮೇಲೂ ನಿಘಂಟನ್ನು ನಾನು ಬಿಟ್ಟುಕೊಡಲಾರೆ. ಬರೆದ ಉತ್ತರ ಸರಿಯೇ ಎಂದು ನೋಡಿಕೊಳ್ಳಲು ಅದು ಬೇಕು. ಈಗ ‘ಅಲರ್’ನಂಥ ನಿಘಂಟು ಜಾಲದಲ್ಲೇ ಸಿಗುವುದರಿಂದ ಕೆಲಸ ಹಗುರವಾಗಿದೆ. ಅಂದಹಾಗೆ, ಪರಿಷತ್ತಿನ ನಿಘಂಟಿಗಾಗಿ ಬದುಕಿನ ಬಹುಭಾಗ ಸವೆಸಿದ ಜಿ. ವೆಂಕಟಸುಬ್ಬಯ್ಯನವರು ಹುಟ್ಟಿದ್ದು 1913ರ ಆಗಸ್ಟ್‌ನಲ್ಲಿ. ಅದೇ ವರ್ಷದ ಡಿಸೆಂಬರ್ 21ರಂದು ನ್ಯೂಯಾರ್ಕಿನ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಜಗತ್ತಿನ ಮೊದಲ ಪದಬಂಧವೆಂದು ಹೇಳಲಾಗುವ ಚೌಕಟ್ಟು ಅಚ್ಚಾಯಿತು. ನಾಲ್ಕು ತಿಂಗಳ ಅಂತರದಲ್ಲಿ ಹುಟ್ಟಿದ ಇವರಿಬ್ಬರನ್ನು ಒಟ್ಟಿಗೆ ನೆನೆಯುವುದು ನನ್ನ ಖಾಸಗಿ ಖುಷಿ.

ಆ ಮೊದಲ ಪದಬಂಧವನ್ನು ರಚಿಸಿದವರು ಲಿವರ್‌ಪೂಲಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿದ್ದ ಆರ್ಥರ್ ವಿನ್. ಅದು ಚೌಕವಾಗಿರಲಿಲ್ಲ, ವಜ್ರದ ಆಕಾರದಲ್ಲಿತ್ತು. ನನಗೆ ಹಿಡಿಸಿದ್ದು ಬೇರೆ ಸಂಗತಿ: ಅದರ ನೆತ್ತಿಯ ಮೇಲೆ ‘ಫನ್’ (FUN) ಎಂಬ ಪದವನ್ನು ಮೊದಲೇ ತುಂಬಿ ಕೊಟ್ಟಿದ್ದರು. ಓದುಗರಿಗೆ ಆಟ ಹೊಸದು, ಕೈ ಹಿಡಿದು ನಡೆಸುವವರು ಬೇಕಿತ್ತು. ಪದಬಂಧ ಹುಟ್ಟುವಾಗಲೇ ಮೂರಕ್ಷರದ ಸಹಾಯವನ್ನು ಹೊತ್ತುಕೊಂಡು ಹುಟ್ಟಿತು ಎಂದಾಯಿತು. ಹತ್ತು ಹನ್ನೊಂದು ವರ್ಷಗಳಲ್ಲಿ ಅಮೆರಿಕದಲ್ಲಿ ಅದರ ಹುಚ್ಚು ಎಷ್ಟು ಹರಡಿತೆಂದರೆ, 1924ರಲ್ಲಿ ಬಂದ ಪದಬಂಧಗಳ ಮೊದಲ ಪುಸ್ತಕಕ್ಕೆ ಪೆನ್ಸಿಲನ್ನೇ ಕಟ್ಟಿ ಮಾರಿದರು, ಬಾಲ್ಟಿಮೋರ್ ಮತ್ತು ಓಹಾಯೊ ರೈಲು ಕಂಪನಿಯವರು ತಮ್ಮ ರೈಲುಗಳಲ್ಲಿ ಪ್ರಯಾಣಿಕರ ಬಳಕೆಗೆಂದು ನಿಘಂಟುಗಳನ್ನು ಇಟ್ಟರು. ಮೈಸೂರು–ಬೆಂಗಳೂರು ರೈಲಿನಲ್ಲಿ ದಿನವೂ ಹೋಗಿಬರುವವರು ಪತ್ರಿಕೆಯನ್ನು ನಾಲ್ಕಾಗಿ ಮಡಿಸಿ ತೊಡೆಯ ಮೇಲಿಟ್ಟುಕೊಂಡು ಪದಬಂಧ ತುಂಬುವುದನ್ನು ನಾನು ಬಹಳ ನೋಡಿದ್ದೇನೆ. ಅಲ್ಲಿ ನಿಘಂಟಿಲ್ಲ, ಎದುರಿನ ಸೀಟಿನವರಿದ್ದಾರೆ. ಮದ್ದೂರು ಬರುವ ಹೊತ್ತಿಗೆ ಅವರೂ ಕತ್ತು ಚಾಚಿರುತ್ತಾರೆ.

ಎದುರಿನ ಸೀಟಿನವರು ಎಂದೆನಲ್ಲ, ನಮ್ಮ ಮನೆಯಲ್ಲೂ ಆ ತಿಂಗಳು ಹಾಗೆಯೇ ಆಯಿತು. ಅತ್ತೆಗೆ ಗೊತ್ತಿಲ್ಲದ್ದು ಇಲ್ಲವೆಂದು ನಾನು ಮೊದಲು ತಿಳಿದಿದ್ದೆ. ಪುರಾಣ, ಹಳೆಯ ಅಡುಗೆಮನೆ, ಮಲೆನಾಡಿನ ಗಿಡಮರ ಇವೆಲ್ಲ ಅವರ ಸ್ವಂತ ಆಸ್ತಿ. ‘ಗಡಿಗೆಗಳನ್ನು ತೂಗುಹಾಕುವ ಹಗ್ಗದ ಜಾಲ (3)’ ಎಂಬ ಸುಳಿವು ಓದಿದಾಗ ನಾನು ಬಾಯಿ ಬಿಟ್ಟುಕೊಂಡು ಕೂತಿದ್ದೆ. ಅವರು ಅಕ್ಷರವನ್ನೂ ಕೇಳದೆ ‘ನೆಲುವು’ ಎಂದು, ಅದಕ್ಕೆ ಹಾಲು ಬೆಣ್ಣೆಯ ಗಡಿಗೆಗಳನ್ನು ಹೇಗೆ ಒಂದರ ಮೇಲೊಂದು ಇಡುತ್ತಿದ್ದರು, ಬೆಕ್ಕು ಕೆಳಗೆ ಕೂತು ಹೇಗೆ ಮೇಲೆ ನೋಡುತ್ತಿತ್ತು, ಸೂರಿನ ಯಾವ ತೊಲೆಗೆ ಕೊಂಡಿ ಇತ್ತು ಎಂದು ಕಾಲು ಗಂಟೆ ಹೇಳಿದರು. ಆದರೆ ಕಂಪ್ಯೂಟರು, ಕ್ರಿಕೆಟ್ಟು, ಈಚಿನ ಸಿನಿಮಾ ಬಂದರೆ ಅವರು ನನ್ನ ಮಗನ ಕೋಣೆಯ ಕಡೆಗೆ ತಲೆ ತಿರುಗಿಸುತ್ತಿದ್ದರು. ಅವನು ಹೆಡ್‌ಫೋನ್ ತೆಗೆದು, ಉತ್ತರ ಹೇಳಿ, ಮತ್ತೆ ಹಾಕಿಕೊಳ್ಳುತ್ತಿದ್ದ. ಕಟ್ಟಳೆ ಅವನಿಗೆ ಅನ್ವಯಿಸುತ್ತಿರಲಿಲ್ಲ. ಮೊಮ್ಮಗನಿಗೆ ಯಾವ ಕಟ್ಟಳೆ ತಾನೇ ಅನ್ವಯಿಸುತ್ತದೆ? ನನ್ನ ಯಜಮಾನರು ಷೂ ಲೇಸು ಕಟ್ಟಿಕೊಳ್ಳುತ್ತಲೇ ದಿನಕ್ಕೊಂದು ಉತ್ತರ ಎಸೆದು ಹೋಗುತ್ತಿದ್ದರು. ಮನೆಗಳ ಲೆಕ್ಕಕ್ಕೆ ಅದು ಒಂದು ದಿನವೂ ಹೊಂದಲಿಲ್ಲ.

ಒಂದು ಸೋಮವಾರ ‘ಜೋಳದ ಒಣ ದಂಟು (3)’ ಎಂದು ಬಂತು. ನನ್ನ ತವರು ಮಂಡ್ಯದ ಕಡೆ, ನಾನು ‘ಸೊಪ್ಪೆ’ ಎಂದೆ, ಎರಡೇ ಅಕ್ಷರ. ಅತ್ತೆಯ ಊರಿನಲ್ಲಿ ಜೋಳವನ್ನೇ ಬೆಳೆಯುವುದಿಲ್ಲ, ದನಕ್ಕೆ ಹುಲ್ಲು ಹಾಕಿ ಗೊತ್ತು, ಅಷ್ಟೆ. ಮಗನಿಗೆ ಜೋಳವೆಂದರೆ ಸಿನಿಮಾ ಮಂದಿರದ ಪಾಪ್‌ಕಾರ್ನ್. ನಾವು ಮೂವರೂ ಸೋತು ಕೂತಿದ್ದಾಗ, ಪಕ್ಕದ ಮನೆಯ ಧಾರವಾಡದ ಅಕ್ಕ ಕರಿಬೇವು ಕೇಳಲು ಬಂದರು. ಸುಳಿವನ್ನು ಓದಿ ಮುಗಿಸುವಷ್ಟರಲ್ಲಿ, “ಅದಕ್ಕ ನಾವು ಕಣಿಕಿ ಅಂತೀವ್ರೀ. ಕಣಿಕಿ ಬಣವಿ ಒಟ್ಟತಾರಲ್ಲ, ಅದ” ಎಂದರು. ಮೂರಕ್ಷರ ಸರಿಯಾಯಿತು. ಆದರೆ ಕೊನೆಯ ಮನೆಯಿಂದ ಕೆಳಗಿಳಿಯುವ ‘ನೊರೆಹಾಲು ಕೊಡುವ ಭಾಗ (4)’ ಎಂಬುದಕ್ಕೆ ನಾವು ಆಗಲೇ ‘ಕೆಚ್ಚಲು’ ಎಂದುಕೊಂಡಿದ್ದೆವು, 4 ಎಂಬ ಸಂಖ್ಯೆಗೆ ಹೊಂದದೆ ಬಿಟ್ಟಿದ್ದೆವು. ಕೆಚ್ಚಲು ಮೂರೇ ಅಕ್ಷರ. ಮುದ್ರಣದಲ್ಲಿ 3ರ ಬದಲು 4 ಆಗಿತ್ತು ಎಂದು ಆಗ ಹೊಳೆಯಿತು. ಅತ್ತೆ ಒಡನೆಯೇ, “ಅವರ ಕಡೆ ಮನಿ ಅಂದರೆ ನಮ್ಮ ಕಡೆ ಮನೆ. ಅವರ ಕಣಿಕಿ ನಮ್ಮ ಕಣಿಕೆ. ‘ಕೆ’ ಬರಿ, ಕೆಚ್ಚಲೂ ಕೂರುತ್ತೆ” ಎಂದರು. ಎರಡೂ ಕೂತವು. ಧಾರವಾಡದ ಅಕ್ಕ ಕರಿಬೇವಿನೊಂದಿಗೆ ಒಂದು ಲೋಟ ಕಾಫಿಯನ್ನೂ ಪಡೆದರು. ಮರುದಿನದಿಂದ ಹತ್ತು ಗಂಟೆಗೆ ಕರಿಬೇವಿನ ನೆಪವಿಲ್ಲದೆಯೇ ಬರತೊಡಗಿದರು. ಆ ತಪ್ಪು ಸಂಖ್ಯೆಯ ಬಗ್ಗೆ ಪತ್ರಿಕೆಯವರಿಗೆ ಫೋನು ಮಾಡಬೇಕೆಂದು ಅತ್ತೆ ಎರಡು ದಿನ ಹೇಳಿದರು, ಮೂರನೆಯ ದಿನ ಮರೆತರು.

ಯಂತ್ರದ ನೆರವಿನ ಬಗ್ಗೆಯೂ ಹೇಳದೆ ಹೋದರೆ ಬರಹ ಅರೆಯಾಗುತ್ತದೆ. ಅನೇಕಪದ ಪ್ರಸಂಗವಾದ ಮೇಲೆ ಅತ್ತೆಯ ಪದಬಂಧಕ್ಕೆ ನಾನು ಮೊಬೈಲು ಮುಟ್ಟಲಿಲ್ಲ; ಆದರೆ ಕುತೂಹಲಕ್ಕಾಗಿ, ಕೇಳಿದ್ದಕ್ಕೆಲ್ಲ ಉತ್ತರಿಸುವ ಈಚಿನ ಕೃತಕ ಬುದ್ಧಿಮತ್ತೆಯ ಆ್ಯಪ್ ಒಂದಕ್ಕೆ ರಾತ್ರಿ ಹಳೆಯ ಸುಳಿವುಗಳನ್ನು ಹಾಕಿ ನೋಡಿದೆ. ಅರ್ಥದ ಮಟ್ಟಿಗೆ ಅದು ಪರವಾಗಿಲ್ಲ. ಎಡವುತ್ತಿದ್ದದ್ದು ಎಣಿಕೆಯಲ್ಲಿ. ಮೂರಕ್ಷರದ ಪದ ಕೊಡು ಎಂದರೆ ನಾಲ್ಕರದ್ದನ್ನೋ ಐದರದ್ದನ್ನೋ ಕೊಟ್ಟು, ಇದು ಮೂರೇ ಅಕ್ಷರ ಎಂದು ವಿನಯದಿಂದ ವಾದಿಸುತ್ತಿತ್ತು. ಮಗನನ್ನು ಕೇಳಿದೆ. ಅವನು ಕಾಗದದ ಮೇಲೆ ‘ಸ್ವಾತಂತ್ರ್ಯ’ ಎಂದು ಬರೆದು ಬಿಡಿಸಿ ತೋರಿಸಿದ: ಕಂಪ್ಯೂಟರಿನ ಅಕ್ಷರ ಸಂಕೇತವಾದ ಯೂನಿಕೋಡಿನಲ್ಲಿ ಸ, ವ, ತ, ಇನ್ನೊಂದು ತ, ರ, ಯ ಎಂದು ಆರು ವ್ಯಂಜನಗಳು, ವ್ಯಂಜನದ ಸ್ವರ ತೆಗೆಯುವ ಮೂರು ‘ವಿರಾಮ’ ಸಂಕೇತಗಳು (್), ಒಂದು ದೀರ್ಘ, ಒಂದು ಸೊನ್ನೆ, ಒಟ್ಟು 11. ನಮಗೆ ಮೂರು ಮನೆಯಾದದ್ದು ಕಂಪ್ಯೂಟರಿಗೆ ಹನ್ನೊಂದು ಬಿಡಿ ಸಂಕೇತಗಳು. ಇಂಥ ಆ್ಯಪ್‌ಗಳು ಅವನ್ನೂ ತಮಗೆ ಬೇಕಾದ ತುಂಡುಗಳಾಗಿ ಕತ್ತರಿಸಿಕೊಂಡು ಓದುತ್ತವಂತೆ, ಅಕ್ಷರವನ್ನು ಇಡಿಯಾಗಿ ನೋಡುವುದೇ ಇಲ್ಲವಂತೆ. ಒಂದನೆಯ ತರಗತಿಯ ಮಗು ಚಪ್ಪಾಳೆ ತಟ್ಟಿ ಎಣಿಸುವುದನ್ನು ಅದು ಎಣಿಸಲಾರದೆ ಹೋಯಿತೆಂದು ನನಗೆ ಸ್ವಲ್ಪ ಸಮಾಧಾನವೂ ಆಯಿತು. ಮುಂದೊಂದು ದಿನ ಸರಿಹೋಗಬಹುದು, ಆಗ ನನ್ನ ಸಮಾಧಾನವೂ ಹೋಗಬಹುದು.

ನಡುವೆ ಒಂದು ದಿನ ‘ಕರ್ಣ (3)’ ಎಂದು ಸುಳಿವಿತ್ತು. ನಾನು ನಿಯಮದಂತೆ ಕೊನೆಯಕ್ಷರ ‘ಯ’ ಎಂದು ಹೇಳಿದೆ. ಅತ್ತೆ ನಕ್ಕರು. ರಾಧೇಯನೂ ‘ಯ’, ಕೌಂತೇಯನೂ ‘ಯ’, ಎರಡೂ ಮೂರಕ್ಷರ. “ಇವನು ಯಾರ ಮಗ ಅನ್ನೋದು ಕೊನೆಯಕ್ಷರದಿಂದ ಗೊತ್ತಾಗಿದ್ದರೆ ಭಾರತ ಅಷ್ಟುದ್ದ ಯಾಕಾಗ್ತಿತ್ತು?” ಎಂದರು. ಅವತ್ತು ನಡುವಿನ ಅಕ್ಷರವನ್ನು ಕೊಡಲು ಒಪ್ಪಿಗೆ ಸಿಕ್ಕಿತು: ‘ಧೇ’.

ತಿಂಗಳು ಕಳೆದು ಬಲಗಣ್ಣಿಗೆ ಹೊಸ ಕನ್ನಡಕ ಬಂತು. ಬಂದ ದಿನ ಅವರು ಪತ್ರಿಕೆಯನ್ನು ತಾವೇ ತೆಗೆದುಕೊಂಡು ಕಿಟಕಿಯ ಪಕ್ಕದ ಕುರ್ಚಿಗೆ ಹೋದರು. ನಾನು ನನ್ನ ಕೆಲಸ ನೋಡಿಕೊಂಡೆ. ನೋಡಿಕೊಂಡೆ ಎಂದರೂ ಕಿವಿ ಅಲ್ಲೇ ಇತ್ತು. ಹತ್ತು ಗಂಟೆಗೆ ಧಾರವಾಡದ ಅಕ್ಕ ಬಂದು, ಅಡುಗೆಮನೆಯಲ್ಲಿ ನನ್ನನ್ನು ಕಂಡು, “ಯಾಕ್ರೀ, ಇವತ್ತ ಸೂಟೀನೋ?” ಎಂದರು. ಅದಕ್ಕೆ ಉತ್ತರ ಕೊಡುವ ಮೊದಲೇ ಕಿಟಕಿಯ ಕಡೆಯಿಂದ, “ಇಬ್ಬರೂ ಇಲ್ಲಿ ಬನ್ನಿ, ಎಡಗಡೆ ಮೂಲೆ ಪೂರ್ತಿ ಖಾಲಿ ಇದೆ” ಎಂದು ಕರೆ ಬಂತು.

ಹೋದ ವಾರ ಎಡಗಣ್ಣಿನ ಪೊರೆಯನ್ನೂ ತೆಗೆದರು. ಮತ್ತೆ ಹನಿ ಔಷಧಿ, ಮತ್ತೆ ಚೀಟಿ, ಕಪ್ಪು ಕನ್ನಡಕ. ಇದನ್ನು ಬರೆಯುವಾಗ ಅವರು ಒಳಗೆ ಮಲಗಿದ್ದಾರೆ. ಇವತ್ತಿನದರಲ್ಲಿ 17 ಎಡದಿಂದ ಬಲಕ್ಕೆ ಮಾತ್ರ ಉಳಿದಿದೆ: ‘ಕಡಲು (3)’. ನಡುವಿನ ಮನೆಯಲ್ಲಿ ‘ರ’, ಕೊನೆಯದರಲ್ಲಿ ‘ಧಿ’. ಮೊದಲ ಮನೆಗೆ ಯಾವ ಪದವೂ ಅಡ್ಡ ಬರುವುದಿಲ್ಲ. ಅತ್ತೆ ‘ಶರಧಿ’ ಎನ್ನುತ್ತಾರೆ, ನಾನು ‘ನೀರಧಿ’ ಎನ್ನುತ್ತೇನೆ. ಆ ಮನೆಯನ್ನು ಖಾಲಿ ಬಿಟ್ಟು, ಪೆನ್ಸಿಲನ್ನು ಪತ್ರಿಕೆಯ ಮಡಿಕೆಯೊಳಗೆ ಇಟ್ಟಿದ್ದೇನೆ. ನಾಳೆ ಆರೂವರೆಗೆ ಪತ್ರಿಕೆ ಬರುತ್ತದೆ. ಅದರಲ್ಲಿ ಇವತ್ತಿನ ಉತ್ತರವಿರುತ್ತದೆ, ಓದಿ ಹೇಳುವವಳು ನಾನೇ.